ತೂತಿಲ್ಲದ ಜರಡಿ

ಜರಡಿಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಮೇಸ್ತ್ರಿಯಾಗಿದ್ದವನು ನಾನು. ಹೆಸರು ಅಮರಗುಂಡಪ್ಪ, ಮನೆ ಮಸ್ಕಿಯಲ್ಲಿ, ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವನು. ಭತ್ತದಿಂದ ಹೊಟ್ಟು, ಅಕ್ಕಿಯಿಂದ ತೌಡು, ಇಡಿ ಕಾಳಿನಿಂದ ನುಚ್ಚು, ಎಲ್ಲವನ್ನೂ ಬೇರೆ ಮಾಡಿದ್ದೇನೆ. ಜರಡಿಯ ತೂತಿನಲ್ಲಿ ಕಾಳು ಸಿಕ್ಕಿಕೊಂಡರೆ ಅದರ ಸದ್ದೇ ಬದಲಾಗುತ್ತದೆ. ಮಿಲ್ಲಿನ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದರೂ ನನಗೆ ತಿಳಿಯುತ್ತಿತ್ತು. ಹೋಗಿ, ಮರದ ಕೊಡತಿ ಎತ್ತಿ, ಚೌಕಟ್ಟಿಗೆ ಮೂರು ಪೆಟ್ಟು. ಕಾಳು ಉದುರಿತು, ಜರಡಿ ಹಗುರಾಯಿತು. ಇಷ್ಟೇ ವಿದ್ಯೆ ಎಂದು ನೀವು ಮೂಗು ಮುರಿಯಬಹುದು. ಎಲ್ಲಿ ಹೊಡೆಯಬೇಕು, ಎಷ್ಟು ಹೊಡೆಯಬೇಕು ಎನ್ನುವುದು ಎಲ್ಲರ ಕೈಗೂ ಬರುವುದಿಲ್ಲ ಸ್ವಾಮಿ.

ಎರಡು ವರ್ಷದ ಹಿಂದೆ ನಮ್ಮ ಸಣ್ಣ ಸಾಹುಕಾರ ವೀರೇಂದ್ರ ಮಿಲ್ಲಿನ ಹಿಂದಿನ ಜಾಗದಲ್ಲಿ ಗ್ಯಾಸ್ ಪ್ಲಾಂಟ್ ಹಾಕಿದ. ಜವಳಗೇರಾ, ದಢೇಸುಗೂರು ಕಡೆ ಸುಗ್ಗಿ ಮುಗಿದ ಮೇಲೆ ಗದ್ದೆಯಲ್ಲೇ ಬೆಂಕಿ ಹಚ್ಚುತ್ತಿದ್ದ ಹುಲ್ಲು ಈಗ ಟ್ರ್ಯಾಕ್ಟರಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದನ್ನು ಕೊಚ್ಚಿ, ಸಗಣಿ ನೀರು ಕೂಡಿಸಿ, ದೊಡ್ಡ ತೊಟ್ಟಿಗಳಲ್ಲಿ ಮುಚ್ಚಿಟ್ಟರೆ ಕೊಳೆತು ಗ್ಯಾಸ್ ಏಳುತ್ತದೆ. ಆ ಗ್ಯಾಸಿನಲ್ಲಿ ಎರಡು ಗಾಳಿ ಕಲೆತಿರುತ್ತವೆ. ಒಂದು ಉರಿಯುವ ಮೀಥೇನ್. ಇನ್ನೊಂದು, ಸೋಡಾ ಬಾಟಲಿ ತೆರೆದಾಗ ಬುಸ್ ಎಂದು ಬರುತ್ತದಲ್ಲ, ಆ ಗಾಳಿ. ಅದು ಉರಿಯುವುದಿಲ್ಲ, ಉರಿಯುವುದನ್ನೂ ಕೆಡಿಸುತ್ತದೆ. ನಾವು ಅದಕ್ಕೆ ಸೋಡಾಗಾಳಿ ಎಂದು ಹೆಸರಿಟ್ಟುಕೊಂಡಿದ್ದೆವು. ಅದನ್ನು ಬೇರೆ ಮಾಡಿ ಹೊರಗೆ ಬಿಟ್ಟರೆ ಮಾತ್ರ ಉಳಿದದ್ದನ್ನು ಸಿಲಿಂಡರಿಗೆ ತುಂಬಿ ಆಟೋ, ಲಾರಿ ಓಡಿಸಬಹುದು.

ಬೇರೆ ಮಾಡುವ ಮಾತು ಬಂದ ಕೂಡಲೇ ಸಾಹುಕಾರ ನನ್ನನ್ನು ಕರೆದ. "ಕಾಕಾ, ನೀವೂ ಅಲ್ಲೇ ಇರ್ರಿ. ಹುಡುಗಿ ಹೊಸಬಳದಾಳ, ಹಿರೇರ ಕಣ್ಣೊಂದು ಇರ್ಲಿ," ಎಂದ. ಹುಡುಗಿ ಎಂದರೆ ಮಹಾಲಕ್ಷ್ಮಿ, ಸಾಲಗುಂದದ ಕುರಿ ಕಾಯುವವರ ಮನೆಯವಳು. ಅವಳ ತಾಯಿ ಆದೆಮ್ಮ ನನ್ನ ಕೈಕೆಳಗೆ ಹದಿನೈದು ವರ್ಷ ನುಚ್ಚು ಹಸನು ಮಾಡಿದವಳು. ಮಗಳು ಲಿಂಗಸುಗೂರಿನಲ್ಲಿ ಡಿಪ್ಲೊಮಾ ಓದಿ ಬಂದಾಗ, ಇವಳನ್ನು ತಗೊಳ್ಳಿ ಎಂದು ಸಾಹುಕಾರನಿಗೆ ಹೇಳಿದವನೇ ನಾನು. ಇಪ್ಪತ್ತಾರರ ಹುಡುಗಿ, ಮಾತು ಕಡಿಮೆ, ಕೆಲಸ ಚೊಕ್ಕ.

ಮೊದಲ ದಿನ ಅವಳು ನನಗೆ ಷೆಡ್ಡು ತೋರಿಸಿದಳು. ನಾಲ್ಕು ಉಕ್ಕಿನ ಪೈಪು ಸಾಲಾಗಿ ಮಲಗಿದ್ದವು, ಒಂದೊಂದೂ ಆಳುದ್ದ. ಕಲೆತ ಗ್ಯಾಸನ್ನು ಪಕ್ಕದ ಕೋಣೆಯ ಕಂಪ್ರೆಸರಿನಿಂದ ಒತ್ತಡ ಹಾಕಿ ಈ ತುದಿಯಿಂದ ನೂಕಿದರೆ ಆ ತುದಿಯಲ್ಲಿ ಮೀಥೇನ್, ಪಕ್ಕದ ಸಣ್ಣ ಪೈಪಿನಲ್ಲಿ ಸೋಡಾಗಾಳಿ. ನಾನು ಸುತ್ತ ತಿರುಗಿ ನೋಡಿದೆ. ಪೈಪುಗಳಲ್ಲಿ ಅಲ್ಲಾಡುವ ವಸ್ತು ಒಂದೂ ಇಲ್ಲ, ಸದ್ದೂ ಇಲ್ಲ.

"ಇದೇನಬೇ ಇದು? ಒಳಗೇನೈತಿ?" ಎಂದೆ.

"ಮೆಂಬ್ರೇನ್ ಅಂತಾರ್ರೀ ಕಾಕಾ. ತೆಳ್ಳನ ಪೊರಿ ಇದ್ದಂಗ," ಎಂದಳು. ನನ್ನ ಮುಖ ನೋಡಿ, "ಜರಡಿ ಅಂತ ತಿಳ್ಕೋರಿ," ಎಂದು ಸೇರಿಸಿದಳು.

ಜರಡಿ ಎಂದದ್ದೇ ತಡ, ನನ್ನ ಎದೆ ಉಬ್ಬಿತು. ಹಾಗಾದರೆ ಇದು ನಮ್ಮದೇ ಸೀಮೆ ಎಂದುಕೊಂಡು ಹಾಯಾಗಿ ಒಂದು ಚಹಾ ತರಿಸಿ ಕುಡಿದೆ.

ಒಂದೂವರೆ ವರ್ಷ ಎಲ್ಲ ಸುಸೂತ್ರ ನಡೆಯಿತು. ಈ ಸಲ ಡಿಸೆಂಬರಿನಲ್ಲಿ ಚಳಿ ಜೋರು ಬಿತ್ತು. ಷೆಡ್ಡಿನ ಕಂಪ್ಯೂಟರ್ ಪರದೆಯ ಮೇಲೆ ಮೀಥೇನ್ ನೂರಕ್ಕೆ ತೊಂಬತ್ತಾರು ಇರಬೇಕಾದದ್ದು ಬೆಳಿಗ್ಗೆ ತೊಂಬತ್ತನಾಲ್ಕು ತೋರಿಸತೊಡಗಿತು. ಅಂದರೆ ಸೋಡಾಗಾಳಿ ಪೂರ್ತಿ ಹೊರಬೀಳದೆ ಒಳಗೇ ಉಳಿಯುತ್ತಿದೆ. ನುಚ್ಚು ಕೆಳಗೆ ಬೀಳದೆ ಅಕ್ಕಿಯಲ್ಲೇ ಉಳಿದರೆ ಏನರ್ಥ? ಜರಡಿ ಕಟ್ಟಿಕೊಂಡಿದೆ! ಇದಕ್ಕೆ ಕಂಪ್ಯೂಟರ್ ಬೇಕೇ? ಹತ್ತೂವರೆಗೆ ಮಹಾಲಕ್ಷ್ಮಿ ತೊಟ್ಟಿಗಳ ಕಡೆ ಹೋದಾಗ ನಾನು ಮಿಲ್ಲಿನಿಂದ ಕೊಡತಿ ತಂದು ಪೈಪುಗಳಿಗೆ ಮೂರು ಮೂರು ಪೆಟ್ಟು ಹಾಕಿದೆ. ಮೂರನೆಯ ಪೈಪು ಮಂಕಾಗಿ ಕೇಳಿಸಿತು, ಅದಕ್ಕೆ ಇನ್ನೂ ನಾಲ್ಕು ಬಿಗಿದೆ. ಹನ್ನೆರಡಕ್ಕೆ ನೋಡುತ್ತೇನೆ, ತೊಂಬತ್ತಾರು! ನನ್ನ ಖುಷಿ ಏನು ಕೇಳುತ್ತೀರಿ.

ಅವಳಿಗೆ ಹೇಳಲಿಲ್ಲ. ಓದಿದ ಹುಡುಗಿಯ ಮುಂದೆ ಜಂಬ ಕೊಚ್ಚುವುದು ಬೇಡ, ಸಮಯ ಬಂದಾಗ ಹೇಳಿದರಾಯಿತು ಎಂದುಕೊಂಡೆ. ದಿನಾ ಬೆಳಿಗ್ಗೆ ತೊಂಬತ್ತನಾಲ್ಕು, ಹತ್ತೂವರೆಗೆ ನನ್ನ ಪೆಟ್ಟು, ಮಧ್ಯಾಹ್ನಕ್ಕೆ ತೊಂಬತ್ತಾರು. ವಿಜ್ಞಾನಕ್ಕಿಂತ ಕೊಡತಿ ಮೇಲು ಎಂದು ಒಳಗೊಳಗೇ ನಗುತ್ತಿದ್ದೆ.

ಮೂರನೆಯ ವಾರಕ್ಕೆ ಬೇರೆ ತಲೆನೋವು ಶುರುವಾಯಿತು. ಹೊರಗೆ ಬಿಡುವ ಸೋಡಾಗಾಳಿಯ ಜೊತೆ ಮೀಥೇನ್ ಕೂಡ ಹೆಚ್ಚೆಚ್ಚು ಹೋಗತೊಡಗಿತು. ನೂರಕ್ಕೆ ಎರಡು ಇದ್ದದ್ದು ನಾಲ್ಕಾಯಿತು, ಆರಾಯಿತು, ಒಂಬತ್ತಾಯಿತು. ಆ ಅಂಕಿ ನೋಡುವುದು ಮಹಾಲಕ್ಷ್ಮಿಯ ಕೆಲಸ, ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ. ಪೈಪು ಕೊಟ್ಟ ಕಂಪನಿಗೆ ಸಾಹುಕಾರ ಫೋನ್ ಮಾಡಿದ. ನಿಮ್ಮ ಆಪರೇಟರ್ ಕಂಪ್ರೆಸರಿನ ಎಣ್ಣೆ ಪೈಪಿನೊಳಗೆ ಹೋಗಲು ಬಿಟ್ಟಿರಬೇಕು, ಶನಿವಾರ ನಮ್ಮ ಇಂಜಿನಿಯರ್ ಬಂದು ನೋಡುತ್ತಾರೆ ಎಂದರಂತೆ. ಮಂಗಳವಾರ ಸಾಹುಕಾರ ಷೆಡ್ಡಿಗೆ ಬಂದು ನನ್ನೆದುರೇ ಮಹಾಲಕ್ಷ್ಮಿಯ ಮೇಲೆ ಕೂಗಾಡಿದ.

"ಶನಿವಾರ ಅವರು ನಿಂದ ತಪ್ಪು ಅಂದ್ರ, ಸೋಮವಾರದಿಂದ ನೀ ಬರಬ್ಯಾಡ. ಹೈದರಾಬಾದಿನಿಂದ ಬ್ಯಾರೇದವ್ರನ್ನ ಕರಸ್ತೀನಿ."

"ಆಗ್ಲಿರೀ," ಎಂದಳು ಮಹಾಲಕ್ಷ್ಮಿ. ಅಷ್ಟೇ. ತಲೆ ಮಾತ್ರ ಮೇಲೆತ್ತಲಿಲ್ಲ.

ತಪ್ಪು ಮಾಡಿ ಹೊರಬಿದ್ದವಳು ಎಂಬ ಹೆಸರು ಬಂದರೆ ಇನ್ನಾವ ಪ್ಲಾಂಟಿನವರು ಅವಳನ್ನು ಒಳಗೆ ಬಿಡುತ್ತಾರೆ? ಕುರಿ ಹಿಂದೆ ಹೋಗುವ ಮನೆಯಿಂದ ಎದ್ದು ಬಂದ ಹುಡುಗಿ, ಮತ್ತೆ ಕುರಿ ಹಿಂದೆಯೇ ಹೋಗಬೇಕೇ? ಬುಧವಾರ ಹತ್ತೂವರೆಗೆ ನಾನು ಮೂರನೆಯ ಪೈಪಿಗೆ ಹತ್ತು ಪೆಟ್ಟು ಹಾಕಿದೆ, ನನ್ನ ಕೈಲಾದ ಸಹಾಯವಾಗಲಿ ಎಂದು. ಗುರುವಾರ, ಶುಕ್ರವಾರ ಆ ಹೊತ್ತಿಗೆ ಅವಳು ಷೆಡ್ಡು ಬಿಟ್ಟು ಕದಲಲೇ ಇಲ್ಲ. ಪೈಪಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ನನಗೆ ಚಡಪಡಿಕೆ.

ಶುಕ್ರವಾರ ಊಟವಾದ ಮೇಲೆ ಅವಳೇ ಕರೆದಳು. "ಕಾಕಾ, ಒಂದೀಟು ಬರ್ರಿ. ಚಂದನ್ನ ವಸ್ತು ತೋರಸ್ತೀನಿ."

ಷೆಡ್ಡಿನ ಹೊರಗೆ, ಗಾಳಿ ಬೀಸದ ಗೋಡೆಯ ಮರೆಯಲ್ಲಿ, ಸಾಹುಕಾರನ ಕೋಣೆಯ ಹಳೆಯ ಮೀನಿನ ತೊಟ್ಟಿ ಇಟ್ಟಿದ್ದಳು. ಮೀನು ಸತ್ತು ವರ್ಷವಾಗಿತ್ತು, ಗಾಜು ತೊಳೆದು ಲಕಲಕ ಮಾಡಿದ್ದಳು. ಸೋಡಾಗಾಳಿಯ ಪೈಪಿನಿಂದ ಒಂದು ರಬ್ಬರ್ ನಳಿಗೆ ಎಳೆದು ತೊಟ್ಟಿಯ ತಳಕ್ಕೆ ಬಿಟ್ಟಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನಳಿಗೆ ತೆಗೆದು, "ತೊಟ್ಟಿ ತುಂಬೈತಿ," ಎಂದಳು.

"ಖಾಲಿ ಐತಲ್ಲಬೇ!"

"ಸೋಡಾಗಾಳಿ ತುಂಬೈತ್ರೀ. ನಮ್ಮ ಗಾಳಿಕಿಂತ ವಜ್ಜಿ, ಅದಕ್ಕ ನೀರಿನಂಗ ಒಳಗ ಕುಂತೈತಿ. ಈಗ ನೋಡ್ರಿ."

ತಂತಿಯ ಸಣ್ಣ ಉಂಗುರವನ್ನು ಸೋಪಿನ ನೀರಿನಲ್ಲಿ ಅದ್ದಿ ತೊಟ್ಟಿಯ ಮೇಲೆ ಹಿಡಿದು ಮೆಲ್ಲಗೆ ಊದಿದಳು. ಬೋರೆಹಣ್ಣಿನಷ್ಟು ಗುಳ್ಳೆಯೊಂದು ಬಿಸಿಲಿಗೆ ಬಣ್ಣಬಣ್ಣವಾಗಿ ತೊಟ್ಟಿಯೊಳಗೆ ಇಳಿಯಿತು. ಇಳಿಯಿತು, ಇಳಿಯಿತು, ಅರ್ಧಕ್ಕೆ ನಿಂತಿತು. ತಳ ಮುಟ್ಟಿಲ್ಲ, ಮೇಲಿಂದ ಯಾರೂ ಹಿಡಿದಿಲ್ಲ, ಬರೀ ಖಾಲಿ ಜಾಗದ ನಡುವೆ ಗುಳ್ಳೆ ತಣ್ಣಗೆ ನಿಂತುಬಿಟ್ಟಿದೆ! "ಅಯ್ಯ ಶಿವನ!" ಎಂದು ನಾನು ಮಂಡಿಯೂರಿ ಕೂತೆ. ನನ್ನ ಮೊಣಕಾಲು ನೋವು ಆ ಹೊತ್ತಿಗೆ ನೆನಪಿಗೇ ಬರಲಿಲ್ಲ.

"ಗದ್ಲ ಮಾಡಬ್ಯಾಡ್ರಿ. ಹಂಗ ನೋಡ್ಕೋಂತ ಇರ್ರಿ," ಎಂದಳು.

ನೋಡಿದೆ. ಗುಳ್ಳೆ ದಪ್ಪವಾಗುತ್ತಿತ್ತು. ಯಾರೂ ಊದುತ್ತಿಲ್ಲ, ಮುಟ್ಟುತ್ತಿಲ್ಲ, ತಾನೇ ತಾನಾಗಿ ಬೆಳೆಯುತ್ತಿತ್ತು. ಬೋರೆಹಣ್ಣಿನಷ್ಟಿದ್ದದ್ದು ನನ್ನ ಕಣ್ಣೆದುರೇ ನಿಂಬೆಕಾಯಿಯಷ್ಟಾಯಿತು. ಬೆಳೆದಂತೆ ಬೆಳೆದಂತೆ ಭಾರವಾಗಿ ನಿಧಾನಕ್ಕೆ ಕೆಳಗಿಳಿಯಿತು. ಅರವತ್ತೊಂದು ವರ್ಷದಲ್ಲಿ ಎಷ್ಟು ಸಲ ಸೋಪಿನ ಗುಳ್ಳೆ ಕಂಡಿಲ್ಲ, ಆದರೆ ನಾನು ಗುಳ್ಳೆಯನ್ನು ನೋಡಿದ್ದು ಅವತ್ತೇ ಮೊದಲು.

"ಗುಳ್ಳಿಗೆ ತೂತೈತೇನ್ರೀ ಕಾಕಾ?"

"ತೂತಿದ್ರ ಟಪ್ ಅಂತ ಒಡೀತಿದ್ದಿಲ್ಲೇನು?"

"ಮತ್ತ ದಪ್ಪ ಹೆಂಗಾತು? ಗಾಳಿ ಯಾವ ಬಾಗಿಲಿಂದ ಒಳಗ ಹೊಕ್ತು?"

ಅವಳು ಇನ್ನೊಂದು ಗುಳ್ಳೆ ಬಿಟ್ಟು, ಅದು ನಿಲ್ಲುವ ತನಕ ಕಾದು ಹೇಳಿದಳು. "ಸೋಡಾಗಾಳಿ ನೀರಿನ್ಯಾಗ ಕರಗ್ತೈತಿ. ಕರಗೋದಕ್ಕ ಸೋಡಾ ಆಗೋದು. ಗುಳ್ಳಿ ಪೊರಿ ಅಂದ್ರ ನೀರ ಅಲ್ಲೇನ್ರೀ? ಹೊರಗಿಂದ ಆ ನೀರಿನ್ಯಾಗ ಕರಗ್ತೈತಿ, ಒಳಗಿನ ಕಡಿ ಹೊರಬೀಳ್ತೈತಿ. ಒಳಗಿರೋ ನಮ್ಮ ಗಾಳಿ ಅಷ್ಟು ಕರಗೂದಿಲ್ಲ, ಅದು ಅಲ್ಲೇ ಉಳೀತೈತಿ. ಅದಕ್ಕ ಗುಳ್ಳಿ ಉಬ್ಬತೈತಿ."

"ತೂತಿಲ್ಲದ ದಾಟ್ತೈತಿ?"

"ತೂತಿಲ್ಲದ ದಾಟ್ತೈತಿ. ನಮ್ಮ ಪೈಪಿನ್ಯಾಗೂ ಹಂಗ. ಒಳಗ ಶ್ಯಾವಿಗಿ ಎಳಿಕಿಂತ ಸಣ್ಣ ಕೊಳವಿ ಅದಾವು, ಸಾವಿರಗಟ್ಟಲೆ. ಅವುಗಳ ಗೋಡಿ ಒಂದು ನಮೂನಿ ಪ್ಲಾಸ್ಟಿಕ್ಕು, ಅದಕ್ಕ ಒಂದು ತೂತೂ ಇಲ್ಲ. ಪ್ಲಾಸ್ಟಿಕ್ಕು ಸುಮ್ಮನ ಕುಂತೈತಿ ಅಂತ ನಮಗ ಕಾಣ್ತೈತಿ. ಖರೇ ಅಂದ್ರ ಅದರಾಗಿನ ಕಣ್ಣಿಗೆ ಕಾಣದ ನಾರುಗಳು ಒಂದೇ ಸವನ ನಡುಗ್ತಿರ್ತಾವು. ನಡುಗಿದಾಗ ಒಂಚೂರು ಸಂದಿ ಬಿಡ್ತಾವು, ಮತ್ತ ಮುಚ್ಕೋತಾವು. ಸಂತಿ ಗದ್ದಲದಾಗ ಜಾಗ ಸಿಕ್ಕಂಗ ನಾವು ಮುಂದ ಹೋಗೂದಿಲ್ಲೇನು, ಸೋಡಾಗಾಳಿ ಹಂಗ ದಾಟ್ಕೊಂಡು ಹೊರಗ ಬರ್ತೈತಿ. ಮೀಥೇನ್ ಒಂದೀಟು ಧಡೂತಿ, ಕರಗೂದೂ ಕಡಿಮಿ. ಅದು ದಾಟಬೇಕನ್ನೂದರಾಗ ಪೈಪಿನ ತುದಿ ಬಂದ್ಬಿಡ್ತೈತಿ."

ನಾನು ಷೆಡ್ಡಿನ ಕಡೆ ತಿರುಗಿ ನೋಡಿದೆ. ಆ ನಾಲ್ಕು ಪೈಪುಗಳು ಎಂದಿನಂತೆ ಸದ್ದಿಲ್ಲದೆ ಮಲಗಿದ್ದವು. ಒಳಗೆ ಈಗ, ಈ ಗಳಿಗೆಯಲ್ಲಿ, ಗೋಡೆ ನಡುಗುತ್ತಿದೆ, ಗಾಳಿ ಗೋಡೆಯಲ್ಲಿ ಕರಗುತ್ತಿದೆ, ಕರಗಿ ಆಚೆ ಕಡೆ ಮತ್ತೆ ಗಾಳಿಯಾಗಿ ಏಳುತ್ತಿದೆ! ಜರಡಿಯಲ್ಲಿ ಬೀಳುವ ಕಾಳು ಕಾಳಾಗಿಯೇ ಬೀಳುತ್ತದೆ. ಇಲ್ಲಿ ಗಾಳಿ ಗೋಡೆಯೊಳಗೇ ಹೊಕ್ಕು ಹೊರಡುತ್ತದೆ, ಹಿಂದೆ ಒಂದು ಗುರುತೂ ಉಳಿಯುವುದಿಲ್ಲ. ಇಂಥದ್ದರ ಪಕ್ಕದಲ್ಲಿ ನಾನು ಒಂದೂವರೆ ವರ್ಷ ಬೀಡಿ ಬಿಟ್ಟು ಎಲೆಅಡಿಕೆ ಹಾಕಿಕೊಂಡು ಕೂತಿದ್ದೆನಲ್ಲ, ಒಂದು ದಿನವಾದರೂ ಕೈಮುಗಿದಿದ್ದೆನೇ?

"ಮೊದಲನೇ ದಿನ ಜರಡಿ ಅಂದಿದ್ದು ನನ್ನ ತಪ್ಪು," ಎಂದಳು ಮಹಾಲಕ್ಷ್ಮಿ, ತಂತಿಯನ್ನು ಒರೆಸುತ್ತ. "ಇದರಾಗ ಕಟ್ಕೊಳ್ಳಾಕ ತೂತ ಇಲ್ಲ. ನಾವು ಚಳಿಗೆ ನಡುಗ್ತೀವಿ, ಅದು ಬಿಸಿಗೆ ನಡುಗ್ತೈತಿ. ಮುಂಜಾನಿ ಚಳಿಯಾಗ ನಡುಗೂದು ಕಡಿಮಿ, ಸೋಡಾಗಾಳಿ ದಾಟೂದೂ ಕಡಿಮಿ, ಅದಕ್ಕ ತೊಂಬತ್ನಾಕು. ಬಿಸಿಲು ಏರಿದ್ರ ತಾನ ಏರ್ತೈತಿ. ನಿನ್ನಿ, ಇವತ್ತು ಯಾರೂ ಏನೂ ಮಾಡಿಲ್ಲ. ಹನ್ನೆರಡಕ್ಕ ಏರೈತಿ."

ಅಂದರೆ ಅಂಕಿ ಏರಿಸಿದ್ದು ನನ್ನ ಕೊಡತಿಯಲ್ಲ, ಬಿಸಿಲು.

"ಏರೂದೇನೋ ಏರೈತಿ ಕಾಕಾ. ಆದ್ರ ಹೊರಗ ಹೋಗೋ ಸೋಡಾಗಾಳಿಯಾಗ ಮೀಥೇನ್ ಒಂಬತ್ತಾಗೈತಿ. ಮಿಲ್ಲಿನ್ಯಾಗ ನುಚ್ಚಿನ ಚೀಲದಾಗ ಇಡಿ ಅಕ್ಕಿ ಬರಾಕತ್ರ ನೀವು ಏನಂತೀರಿ?"

"ಜರಡಿ ಹರದೈತಿ ಅಂತೀನಿ," ಎಂದೆ. ಮೂವತ್ತೆಂಟು ವರ್ಷದ ಅಭ್ಯಾಸ, ತಲೆಗಿಂತ ಮೊದಲು ಬಾಯಿ ಹೇಳಿಬಿಟ್ಟಿತು.

ಅವಳು ನನ್ನ ಮುಖ ನೋಡಲಿಲ್ಲ. ತೊಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆಗ ಹೇಳಬೇಕಿತ್ತು, ನಾಲಿಗೆ ಏಳಲಿಲ್ಲ. ಪೈಪಿನೊಳಗಿನ ಆ ಕೊಳವೆ ಎಳೆಗಳನ್ನು ಹರಿದವನು ನಾನು. ಅವಳ ಕೆಲಸ ಉಳಿಸಲು ಹೊಡೆದ ಪೆಟ್ಟುಗಳೇ ಅವಳ ಕೆಲಸ ಕಳೆಯಲು ಹೊರಟಿದ್ದವು. ಮೇಸ್ತ್ರಿ ಅಮರಗುಂಡಪ್ಪ ಹುಚ್ಚನಂತೆ ಯಂತ್ರ ಬಡಿದ ಎಂದು ಮಿಲ್ಲಿನ ಹಮಾಲರೆಲ್ಲ ನಗುವುದು ಕಣ್ಣಿಗೆ ಕಟ್ಟಿತು.

ಆ ಸಂಜೆ ಮಸ್ಕಿಯಲ್ಲಿ ನಾನು ಬಸ್ಸಿನಿಂದ ಇಳಿಯಲಿಲ್ಲ. ಟಿಕೀಟು ಮುಂದಕ್ಕೆ ಮಾಡಿಸಿ ಲಿಂಗಸುಗೂರಿಗೆ, ಮಗಳು ಶಿವರಂಜನಿಯ ಮನೆಗೆ ಹೋದೆ. ಜ್ವರ ಬಂದಿದೆ ಎಂದು ಶನಿವಾರ ಫೋನ್ ಮಾಡಿಸಿದರಾಯಿತು ಎಂಬ ಹೇಡಿ ಲೆಕ್ಕ ನನ್ನದು. ಮಗಳು ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ಸಾಣಿಸುತ್ತಿದ್ದಳು. ಸಾಣಿಗೆಯ ಅಂಚಿಗೆ ಟಕ್ ಟಕ್ ಎಂದು ಅಂಗೈಯಿಂದ ಬಡಿದಳು ನೋಡಿ, ನಾನು ಕೂತಲ್ಲಿಂದಲೇ ಚೀರಿದೆ. "ಬಡೀಬ್ಯಾಡ!"

"ಯಪ್ಪಾ, ಏನಾಗೈತಿ ನಿನಗ? ಬಡೀದ ಹಿಟ್ಟು ಹೆಂಗ ಬೀಳ್ತೈತಿ?"

ನನಗೆ ನಗು ಬಂತು, ಮರುಕ್ಷಣ ಅಳು ಬಂತು. ಗುಳ್ಳೆಯಿಂದ ಹಿಡಿದು ಕೊಡತಿಯ ತನಕ ಎಲ್ಲ ಹೇಳಿದೆ. ಅವಳು ಬುದ್ಧಿ ಹೇಳಲಿಲ್ಲ, ಬೈಯಲೂ ಇಲ್ಲ. "ಸಿಂಧನೂರಿಗೆ ಮೊದಲ್ನೇ ಬಸ್ಸು ಆರಕ್ಕೈತಿ. ಬುತ್ತಿ ಕಟ್ಟಿಡ್ತೀನಿ," ಎಂದಷ್ಟೇ ಹೇಳಿ ಹಂಚು ಇಟ್ಟಳು.

ಶನಿವಾರ ನಾನು ಷೆಡ್ಡಿಗೆ ಕಾಲಿಟ್ಟಾಗ ಕಂಪನಿಯ ಇಂಜಿನಿಯರ್ ಬಂದಾಗಿತ್ತು. ಅರ್ಜುಮಂದ್ ಎಂಬ ಹೆಣ್ಣುಮಗಳು, ರಾಯಚೂರಿನವರು, ನಲವತ್ತರ ಆಸುಪಾಸು. ಎಣ್ಣೆ ಸೋಸುವ ಡಬ್ಬಿ ಬಿಚ್ಚಿ ನೋಡಿದರು, ಬಿಳಿ ಬಟ್ಟೆಯಿಂದ ಒರೆಸಿ ನೋಡಿದರು. ಕಲೆ ಇರಲಿಲ್ಲ. ಸಾಹುಕಾರ ಕೈಕಟ್ಟಿ ನಿಂತಿದ್ದ.

"ಎಣ್ಣಿ ಅಲ್ಲ," ಎಂದರು ಅರ್ಜುಮಂದ್. "ಎಳಿ ಹರದಾವು ಅಂತ ಕಾಣ್ತೈತಿ. ಪ್ಲಾಂಟ್ ನೋಡ್ಕೊಳ್ಳೋಳು ನೀ. ಹೆಂಗ ಹರದ್ವು, ಹೇಳಮ್ಮ."

"ನಂಗ ಗೊತ್ತಿಲ್ರೀ," ಎಂದಳು ಮಹಾಲಕ್ಷ್ಮಿ.

ಸಾಹುಕಾರ ಬಾಯಿ ತೆರೆಯುವ ಮೊದಲು ನಾನು ಮುಂದೆ ಬಂದೆ. "ನನಗ ಗೊತ್ತೈತ್ರೀ ಮೇಡಂ. ನಾ ಹೊಡದೀನಿ. ಕೊಡತೀಲೆ, ಮೂರು ವಾರ, ದಿನಾ ಹತ್ತೂವರಿಗೆ. ಜರಡಿ ಕಟ್ಕೊಂಡೈತಿ ಅಂತ ತಿಳಿದು ಬಡದೀನಿ. ಈಕಿದೇನೂ ತಪ್ಪಿಲ್ಲ."

ಕಂಪ್ರೆಸರ್ ಬಂದ್ ಮಾಡಿದ್ದರು, ನನ್ನ ಮಾತು ನನಗೇ ದೊಡ್ಡದಾಗಿ ಕೇಳಿಸಿತು. ಅರ್ಜುಮಂದ್ ಪರದೆಯ ಮುಂದೆ ಕೂತು ಹಿಂದಿನ ದಿನಗಳ ದಾಖಲೆಯ ಗೆರೆಗಳನ್ನು ತೆರೆದರು. ಒತ್ತಡದ ಗೆರೆಯಲ್ಲಿ ದಿನಾ ಹತ್ತೂವರೆಗೆ ಸಣ್ಣ ಸಣ್ಣ ಮುಳ್ಳುಗಳು ಎದ್ದಿದ್ದವು. ನನ್ನ ಒಂದೊಂದು ಪೆಟ್ಟನ್ನೂ ಯಂತ್ರ ಬರೆದಿಟ್ಟುಕೊಂಡಿತ್ತು.

"ಇದನ್ನ ನೀ ನೋಡಿಲ್ಲೇನು?" ಎಂದು ಮಹಾಲಕ್ಷ್ಮಿಯನ್ನು ಕೇಳಿದರು.

"ಬುಧವಾರ ನೋಡೀನ್ರೀ," ಎಂದಳು.

ಬುಧವಾರವೇ ಗೊತ್ತಿತ್ತು! ಅದಕ್ಕೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದಳು. ಸಾಹುಕಾರ ನನ್ನ ಕಡೆ ತಿರುಗಿ, "ಕಾಕಾ, ತಲಿ ನೆಟ್ಟಗೈತೇನು ನಿಮಗ?" ಎಂದು ಗುಡುಗಿದ. ಹೊಸ ಪೈಪು ಬರಲು ಎರಡು ತಿಂಗಳು ಬೇಕು, ಅಲ್ಲಿಯ ತನಕ ಪ್ಲಾಂಟ್ ಮುಚ್ಚುವುದೇ ಎಂದು ತಲೆ ಚಚ್ಚಿಕೊಂಡ. ಅವನು ಅಂದದ್ದೆಲ್ಲ ಸರಿಯಿತ್ತು, ನಾನು ಅನ್ನಿಸಿಕೊಂಡೆ.

"ಹರಿದ ಎಳಿ ಹುಡುಕಿ ಮುಚ್ಚಿ ನೋಡೂಣು," ಎಂದರು ಅರ್ಜುಮಂದ್.

ಹೆಚ್ಚು ಪೆಟ್ಟು ತಿಂದ ಮೂರನೆಯ ಪೈಪಿನ ಎರಡೂ ತುದಿ ಬಿಚ್ಚಿದರು. ನಾನು ಬಗ್ಗಿ ನೋಡಿದೆ. ಎಳೆಗಳನ್ನೆಲ್ಲ ಒಟ್ಟುಗೂಡಿಸಿ ಅಂಟಿನಲ್ಲಿ ಗಟ್ಟಿ ಮಾಡಿ ಕೊಯ್ದ ಬಿಲ್ಲೆ. ಅದರ ಮೈತುಂಬ ಗಸಗಸೆ ಕಾಳಿಗಿಂತ ಸಣ್ಣ ಚುಕ್ಕೆಗಳು, ಒಂದೊಂದು ಚುಕ್ಕೆಯೂ ಒಂದು ಕೊಳವೆಯ ಬಾಯಿ. ಎಣಿಸಲು ಹೋದರೆ ಕಣ್ಣು ಕತ್ತಲೆ ಬರಬೇಕು. ಇವನ್ನು ಯಾವ ಕೈ ಮಾಡಿತು, ಯಾವ ತಲೆ ಯೋಚಿಸಿತು! ಇದಕ್ಕೆ ನಾನು ಕೊಡತಿಯಿಂದ ಹೊಡೆದಿದ್ದೆ.

ಎಳೆಗಳ ಹೊರಮೈ ಕಡೆಯಿಂದ ಮೆಲ್ಲಗೆ ಗಾಳಿ ಬಿಟ್ಟು, ಬಿಲ್ಲೆಯ ಮೇಲೆ ಸೋಪಿನ ನೀರು ಹಚ್ಚಿದರು. ಹರಿದ ಎಳೆಯ ಬಾಯಲ್ಲಿ ಮಾತ್ರ ಬುರುಗು ಏಳುತ್ತದಂತೆ. ಅರ್ಜುಮಂದ್ ಭೂತಗನ್ನಡಿ ಹಿಡಿದು ಐದಾರು ಹುಡುಕಿದರು, ಆಮೇಲೆ ಕಣ್ಣು ಉಜ್ಜಿಕೊಂಡರು. "ಕಾಕಾಗ ಕೊಡ್ರಿ ಮೇಡಂ," ಎಂದಳು ಮಹಾಲಕ್ಷ್ಮಿ. "ಅವರು ಅಕ್ಕಿ ರಾಶಿಯಾಗ ಕರಿಕಾಳು ಹುಡುಕಿದವ್ರು."

ಸಾಹುಕಾರ ಬೇಡವೆನ್ನಲಿಲ್ಲ. ನಾನು ಕನ್ನಡಿ ತೆಗೆದುಕೊಂಡೆ. ಕಣ್ಣು ಸೋಲಲಿಲ್ಲ. ಇಲ್ಲೊಂದು, ಅಲ್ಲೊಂದು, ಈ ಅಂಚಿಗೆ ಎರಡು. ನಾನು ತೋರಿಸಿದಲ್ಲಿ ಮಹಾಲಕ್ಷ್ಮಿ ಸೂಜಿಯ ಮೊನೆಯಿಂದ ಒಂದೊಂದು ಹನಿ ಅಂಟು ಇಟ್ಟಳು. ಒಟ್ಟು ಮೂವತ್ತೇಳು. ಆ ತುದಿಗೆ ಹೋಗಿ ಹುಡುಕಿದರೆ ಅಲ್ಲೂ ಬರೋಬ್ಬರಿ ಮೂವತ್ತೇಳು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಸಾವಿರಾರು ಎಳೆಗಳಲ್ಲಿ ಒಂದೊಂದೂ ಈ ತುದಿಯಿಂದ ಆ ತುದಿಗೆ ತನ್ನ ದಾರಿ ತಪ್ಪದೆ ಹೋಗಿದೆ ಎಂದು ತಿಳಿದು ನಾನು ಬೆರಗಾಗಿ ಕೂತೆ.

ಅಂಟು ಒಣಗಿ, ಪೈಪು ಕೂಡಿಸಿ, ಗ್ಯಾಸ್ ಬಿಟ್ಟಾಗ ನಾಲ್ಕು ಗಂಟೆ. ನಾಲ್ವರೂ ಪರದೆಯ ಮುಂದೆ ನಿಂತೆವು. ಹೊರಗೆ ಹೋಗುವ ಮೀಥೇನ್ ಒಂಬತ್ತರಿಂದ ಏಳಕ್ಕಿಳಿಯಿತು, ಐದಾಯಿತು, ಮೂರಾಯಿತು, ಎರಡೂವರೆಗೆ ಬಂದು ನಿಂತಿತು. ಮಹಾಲಕ್ಷ್ಮಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಸಾಹುಕಾರ ಅವಳಿಗೆ, "ಲಕ್ಷ್ಮಿ, ಮಂಗಳವಾರ ನಾ ಅಂದಿದ್ದು ತಪ್ಪಾತು, ಮನಸಿಗೆ ಹಚ್ಕೋಬ್ಯಾಡ," ಎಂದ. ನನ್ನ ಕಡೆ ತಿರುಗಿ, "ಸೋಮವಾರದಿಂದ ನೀವು ಈಕಿ ಕೈಕೆಳಗ ಕಾಕಾ. ಈಕಿ ಹೇಳದ ಏನೂ ಮುಟ್ಟಂಗಿಲ್ಲ," ಎಂದ. ನಾನು ಹೂಂ ಎಂದೆ. ಮೂವತ್ತೆಂಟು ವರ್ಷದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಮಾತಿಗೂ ಹೂಂ ಎಂದಿರಲಿಲ್ಲ.

ಸಂಜೆ ಇಬ್ಬರೂ ಗೇಟಿನ ಮುಂದೆ ಬಸ್ಸಿಗೆ ನಿಂತೆವು. ಕೇಳದೆ ಇರಲು ನನ್ನಿಂದ ಆಗಲಿಲ್ಲ.

"ಬುಧವಾರ ಗೊತ್ತಾಗಿತ್ತಲ್ಲವ್ವಾ. ಸಾಹುಕಾರಗ ಯಾಕ ಹೇಳ್ಲಿಲ್ಲ?"

"ನಿಮ್ಮ ಹೆಸರು ನನ್ನ ಬಾಯಿಂದ ಬರೂದು ಬ್ಯಾಡಾಗಿತ್ತು."

"ನಾ ಇವತ್ತು ಬರದಿದ್ರ?"

ತನಗಾಗಿ ಸುಳ್ಳು ಹೇಳುವ ಹುಡುಗಿಯಲ್ಲ ಅವಳು. "ಗೊತ್ತಿಲ್ಲ ಅಂತ ಹೇಳೀನಲ್ರೀ. ಅದನ್ನ ಹೇಳಿ, ಕೆಲಸ ಬಿಟ್ಟು ಹೋಗ್ತಿದ್ದೆ. ಆಮ್ಯಾಲೆ ನೀವು ಎಲ್ಲೆರ ಕಂಡ್ರ ಮಾರಿ ತಿರುವಿ ನಡೀತಿದ್ದೆ. ಯಾಕಂತ ನಮ್ಮವ್ವಗೂ ಹೇಳ್ತಿದ್ದಿಲ್ಲ."

ನನಗೆ ತಡೆಯಲಾಗಲಿಲ್ಲ. ರಸ್ತೆಯ ಮೇಲೆ ಟ್ರ್ಯಾಕ್ಟರು, ಜನ, ಯಾರಿದ್ದರೇನು, ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅವಳು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಸಾಲಗುಂದದ ಬಸ್ಸು ಮೊದಲು ಬಂತು.

"ಸೋಮವಾರ ಎಂಟಕ್ಕ ಬರ್ರಿ ಕಾಕಾ," ಎಂದು ಹತ್ತುತ್ತ ಹೇಳಿದಳು. "ತಡ ಮಾಡಿದ್ರ ನಡಿಯಂಗಿಲ್ಲ."